ಎಂಟು ಮಂದಿಗೆ ಸಾದಾ ಊಟ

ದಾಂಡೇಲಿಯಲ್ಲಿ ಮುಸಲ್ಮಾನರ ಮನೆಯ ಮದುವೆಯೆಂದರೆ ಇಪ್ಪತ್ತು ವರ್ಷಗಳಿಂದ ಜನ ಮೊದಲು ಹಾಲ್ ನೋಡುತ್ತಾರೆ, ಆಮೇಲೆ ಸುಗರಾಬಿಯ ಮನೆಗೆ ಬರುತ್ತಾರೆ. ನಾನೂರು ಮಂದಿಯ ಬಿರಿಯಾನಿಯನ್ನು ನಿಂತು ಇಳಿಸುವ ಹೆಂಗಸು ನಮ್ಮ ಸುತ್ತಲಿನ ತಾಲ್ಲೂಕುಗಳಲ್ಲಿ ಇನ್ನೊಬ್ಬಳಿದ್ದರೆ ನನಗೆ ಗೊತ್ತಿಲ್ಲ. ಅದು ಗಂಡಸರ ಕಸುಬು. ಅವಳ ಗಂಡ ಬಬರ್ಚಿ, ಅಂದರೆ ಮದುವೆ ಅಡುಗೆಯವನು. ಕಾಮಾಲೆಯಾಗಿ ಸತ್ತಾಗ ಅವನು ಮೂರು ಮದುವೆ ಒಪ್ಪಿಕೊಂಡಿದ್ದ. ವಿಧವೆ ಮನೆಯಲ್ಲೇ ಉಳಿಯುವ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಸುಗರಾಬಿ ಹೊಸ್ತಿಲು ದಾಟಲಿಲ್ಲ. ಅದು ಮುಗಿದ ಮರುವಾರ ಗಂಡನ ದೇಗುಗಳನ್ನು, ಒಳಗೆ ಮನುಷ್ಯ ಕೂರಬಹುದಾದಷ್ಟು ದೊಡ್ಡ ಆ ತಾಮ್ರದ ಪಾತ್ರೆಗಳನ್ನು, ಕಲಾಯಿ ಹಾಕಿಸಿ, ಮೂರರಲ್ಲಿ ಉಳಿದಿದ್ದ ಒಂದು ಮದುವೆಗೆ ಹೋಗಿ ಬೇಯಿಸಿ ಬಂದಳು. ಹೆಂಗಸು ದೇಗಿನ ಮುಂದೆ ನಿಲ್ಲುವುದೇ ಎಂದು ಕೆಲವರು ಗೊಣಗಿದರು. ಉಂಡ ಮೇಲೆ ಸುಮ್ಮನಾದರು.

ನನಗೆ ಅವಳ ಪರಿಚಯವಾದದ್ದು ಜೋಯಿಡಾದ ಧರಣಿಯಲ್ಲಿ. ಕಾಡಿನ ಜಮೀನಿನ ಹಕ್ಕಿಗಾಗಿ ಹನ್ನೊಂದು ದಿನ ಕೂತಿದ್ದೆವು. ಹನ್ನೊಂದೂ ದಿನ ಖಿಚಡಿ ಅವಳದು. ಭಾಷಣ ಮಾಡಿದವರ ಹೆಸರೆಲ್ಲ ಪತ್ರಿಕೆಗೆ ಹೋಯಿತು. ಅವಳದು ಹೋಗಲಿಲ್ಲ. ಸುದ್ದಿ ಬರೆದುಕೊಟ್ಟವನು ನಾನೇ, ಆಗ ಅದು ಹೊಳೆಯಲೂ ಇಲ್ಲ. ಹೊಳೆದದ್ದು ಇಷ್ಟು: ಅವಳು ಉಪ್ಪು ನೋಡುವುದಿಲ್ಲ. ಸೌಟಿನಿಂದ ಅಂಗೈಗೆ ಒಂದು ಹನಿ ಹಾಕಿಕೊಂಡು ನೆಕ್ಕುವ ಕೆಲಸ ದೊಡ್ಡ ದೇಗಿನ ಮುಂದೆ ಅವಳು ಒಂದು ದಿನವೂ ಮಾಡಲಿಲ್ಲ. ಹರಳುಪ್ಪಿನ ಚೀಲಕ್ಕೆ ಕೈ ಹಾಕಿ, ಬೆರಳು ಮಡಚಿ, ಹತ್ತು ಸೇರು ಅಕ್ಕಿಗೆ ಐದು ಹಿಡಿ ಎಣಿಸಿ ಹಾಕಿದರೆ ಮುಗಿಯಿತು. ಕೇಳಿದ್ದಕ್ಕೆ, "ನೋಡಿದ್ರ ಏನ ಬಂತ್ರಿ ಅಣ್ಣಾ? ನಾನೂರ ಮಂದಿದು ಹೆಚ್ಚಾದ ಮ್ಯಾಲ ತಗಿಯಾಕ ಆಗ್ತೈತೇನು? ಮೊದ್ಲ ಸರಿ ಹಾಕಬೇಕು," ಎಂದಿದ್ದಳು.

ಮನೆಯ ಸಣ್ಣ ಬೋಗಾಣಿಯ ಮಾತು ಬೇರೆ. ಅಲ್ಲಿ ಅವಳೂ ಎಲ್ಲ ಹೆಂಗಸರ ಹಾಗೆ ನೆಕ್ಕಿ ನೋಡುವವಳೇ. ಅರ್ಧ ಸೇರು ಅಕ್ಕಿಗೆ ಎಷ್ಟು ಎನ್ನುವುದು ಆ ಕೈಗೆ ಯಾವತ್ತೂ ಗೊತ್ತಿರಲಿಲ್ಲ. ನಾಲಿಗೆ ಇತ್ತು, ಗೊತ್ತಿರಬೇಕಾದ ಗರಜೂ ಇರಲಿಲ್ಲ.

ಹೋದ ದೀಪಾವಳಿಯ ಹೊತ್ತಿಗೆ ಅವಳಿಗೆ ಜ್ವರ ಬಂತು. ಒಂಬತ್ತು ದಿನ ಮಲಗಿದಳು. ಜ್ವರ ಹೋಗುವಾಗ ನಾಲಿಗೆಯ ರುಚಿಯನ್ನೂ ಮೂಗಿನ ವಾಸನೆಯನ್ನೂ ತೆಗೆದುಕೊಂಡು ಹೋಯಿತು. ಉಪ್ಪು, ಖಾರ, ಸಕ್ಕರೆ ಎಲ್ಲ ಒಂದೇ. ಬಾಯಲ್ಲಿ ಬಿಸಿಯೋ ತಣ್ಣಗೋ, ಮೆತ್ತಗೋ ಗಟ್ಟಿಯೋ, ಅಷ್ಟೇ ತಿಳಿಯುತ್ತಿತ್ತು. ಯಾರಿಗೂ ಹೇಳದೆ ಡಾಕ್ಟರ ಹತ್ತಿರ ಹೋದಳು. ಅವರು, ತಾನಾಗಿ ಬರುತ್ತದೆ, ಕಾಯಿರಿ ಎಂದರು. ಕಾದಳು. ಅರವತ್ತೊಂದು ವಯಸ್ಸಿನಲ್ಲಿ, ರುಚಿ ತಿಳಿಯದ ಬಬರ್ಚಿ ಎಂದು ಒಮ್ಮೆ ಜನರ ಬಾಯಿಗೆ ಬಿದ್ದರೆ ಮತ್ತೆ ಯಾರೂ ಬಾಗಿಲಿಗೆ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಕಾಯುತ್ತಲೇ ಆ ಚಳಿಗಾಲದಲ್ಲಿ ನಾಲ್ಕು ಮದುವೆ ಮಾಡಿದಳು, ಹಿಡಿಯ ಎಣಿಕೆಯಲ್ಲೇ. ನಾಲ್ಕರಲ್ಲೂ ಒಂದು ದೂರು ಬರಲಿಲ್ಲ. ಕೈ ತನ್ನ ಕೆಲಸ ಮರೆತಿರಲಿಲ್ಲ.

ಮನೆಯಲ್ಲಿ ದಿನದ ಅಡುಗೆ ಸೊಸೆ ರುಕ್ಸಾರಳದು. ಹಾಕಿದ್ದನ್ನು ಸುಗರಾಬಿ ಸುಮ್ಮನೆ ಉಣ್ಣುತ್ತಿದ್ದಳು. ಹಾಗಾಗಿ ಗುಟ್ಟು ಉಳಿಯಿತು. ಕಂಡುಹಿಡಿದವಳು ಒಬ್ಬಳೇ, ಹಿತ್ತಲ ಗೋಡೆಗೆ ಗೋಡೆ ಹಚ್ಚಿದ ಮನೆಯ ಶಾಂತಾದೇವಿ. ಲಿಂಗಾಯತರವಳು, ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದುಕೊಡುತ್ತಾಳೆ. ಸಂಕ್ರಾಂತಿಗೆ ಎಣ್ಣೆಗಾಯಿ ಕೊಟ್ಟು ಕಳಿಸಿದ್ದಳು. ಆಮೇಲೆ ತಾನು ತಿಂದು ನೋಡಿದರೆ ಉಪ್ಪನ್ನೇ ಹಾಕಿಲ್ಲ. ಓಡಿಬಂದಳು. ಅಷ್ಟರಲ್ಲಿ ಸುಗರಾಬಿ ಎರಡು ಬದನೆಕಾಯಿ ಮುಗಿಸಿ, "ಭಾಳ ಛಲೋ ಆಗ್ಯಾವ ಶಾಂತಕ್ಕಾ," ಎಂದಳು.

"ಸುಗರಾ, ನನ್ನ ಕಡೆ ನೋಡಿ ಹೇಳು. ಏನ ಆಗೇತಿ ನಿನಗ?"

ಹೇಳಿದಳು. ಬೇರೆ ಯಾರಿಗೂ ಹೇಳುವುದಿಲ್ಲವೆಂದು ಶಾಂತಾದೇವಿ ಲಿಂಗ ಮುಟ್ಟಿ ಮಾತು ಕೊಟ್ಟಳು.

ಇಷ್ಟೆಲ್ಲ ಮುಚ್ಚಿಡಲು ಇನ್ನೊಂದು ಕಾರಣವಿತ್ತು. ಸುಗರಾಬಿಯ ಮೈದುನ ಜುಬೇರ ಮುಂಡಗೋಡದಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದಾನೆ. ಅವನ ಮಗಳು ನಸ್ರೀನಳಿಗೆ ಹಳಿಯಾಳದಲ್ಲಿ ಗಂಡು ಗೊತ್ತಾಗಿ, ರಂಜಾನ್ ಕಳೆದು ಇಪ್ಪತ್ತು ದಿನಕ್ಕೆ ಮದುವೆ ನಿಂತಿತ್ತು. ನಸ್ರೀನ ಹುಟ್ಟಿದ ದಿನ ಅವಳನ್ನು ಮೊದಲು ಎತ್ತಿಕೊಂಡವಳು ಸುಗರಾಬಿ. ನಿನ್ನ ಮದುವೆಯ ದೇಗು ನನ್ನದು ಎಂದು ಆವತ್ತೇ ಹೇಳಿದ್ದಳು. ಅವಳಿಗೆ ಹೆಣ್ಣುಮಕ್ಕಳಿಲ್ಲ. ಆ ಒಂದು ಮದುವೆ ಬೇಯಿಸಿದ ಮೇಲೆ ನಾಲಿಗೆ ಬಂದರೂ ಸರಿ, ಹೋದರೂ ಸರಿ ಎಂದು ಶಾಂತಾದೇವಿಯ ಮುಂದೆ ಅಂದಿದ್ದಳು.

ರಂಜಾನ್ ತಿಂಗಳು ಅವಳಿಗೆ ಆರಾಮಾಗಿಯೇ ಕಳೆಯಿತು. ರೋಜಾ ಹಿಡಿದವರು ಯಾರೂ ಹಗಲು ಉಪ್ಪು ನೋಡುವಂತಿಲ್ಲ, ಇಫ್ತಾರಿನಲ್ಲಿ ಹೆಚ್ಚು ಕಡಿಮೆಯಾದರೆ ಯಾರೂ ಬಯ್ಯುವುದಿಲ್ಲ. ಕೊನೆಯ ವಾರ ಮಗ ಮನ್ಸೂರ ಒಂದು ಮಾತು ತೆಗೆದ. ಮನ್ಸೂರ ಜೀಪು ಮೆಕ್ಯಾನಿಕ್, ಕುಳಗಿ ಕಡೆಯ ಸಫಾರಿ ಜೀಪುಗಳೆಲ್ಲ ಅವನ ಗ್ಯಾರೇಜಿಗೇ ಬರುತ್ತವೆ. ಪ್ರತಿ ವರ್ಷ ಈದಿನ ದಿನ ಸುಗರಾಬಿ ಮನೆಯ ಮುಂದೆ ಒಂದು ದೇಗು ಇಟ್ಟು ಓಣಿಯ ಅರವತ್ತು ಮಂದಿಗೆ ಉಣಿಸುತ್ತಿದ್ದಳು. ಈ ವರ್ಷ ಬೇಡವೆಂದ. ಮನೆಯಲ್ಲಿ ಅವರು ಆಡುವುದು ಉರ್ದು. ನಾನು ಬರೆಯುತ್ತಿರುವುದು ನಮ್ಮ ಕಡೆಯ ಕನ್ನಡದಲ್ಲಿ.

"ಅಮ್ಮಿ, ಜ್ವರ ಬಂದು ಹೋದ ಮ್ಯಾಲ ಭಾಳ ಸೊರಗಿದಿ. ಈ ಸಲ ದೇಗು ಬ್ಯಾಡ. ನಾವು, ಚಾಚಾನ ಮನಿಯವರು. ಎಂಟ ಮಂದಿ. ಸಾದಾ ಊಟ ಮಾಡೂಣು, ಆರಾಮ ಕುಂತು ಮಾತಾಡೂಣು."

"ನನಗ ದೇಗ ಹಗೂರಪಾ."

"ಎಂಟ ಮಂದಿಗಿಂತ ಅರವತ್ತ ಮಂದಿ ಹಗೂರೇನ ನಿನಗ?" ಮನ್ಸೂರ ಹೆಂಡತಿಯ ಕಡೆ ನೋಡಿ ನಕ್ಕ. "ಕೇಳ್ದೇನ ನಿಮ್ಮ ಅತ್ತಿ ಲೆಕ್ಕ."

"ಅಡಿಗಿ ನಾ ಮಾಡ್ತೇನ್ರಿ ಅಮ್ಮಿ," ಎಂದಳು ರುಕ್ಸಾರ. "ನೀವು ಕುಂದರ್ರಿ."

ಇದು ಇನ್ನೂ ಕೆಟ್ಟದ್ದು. ಈದಿನ ದಿನ ಜುಬೇರನ ಮುಂದೆ ಸುಮ್ಮನೆ ಕೂತರೆ, ಯಾಕೆ ಕೂತೆ ಎಂದು ಅವನು ಕೇಳದೆ ಬಿಡುವವನಲ್ಲ. ನಾನೇ ಮಾಡುತ್ತೇನೆ ಎಂದು ಸುಗರಾಬಿ ಹಟ ಹಿಡಿದಳು. ಹಿಡಿದಾದ ಮೇಲೆ ಹಿತ್ತಲಿಗೆ ಹೋಗಿ ಶಾಂತಾದೇವಿಯನ್ನು ಕರೆದಳು.

"ನೀ ಬಂದು ಉಪ್ಪು ನೋಡ್ಬೇಕು ಅಕ್ಕಾ."

"ನಿನಗ ತಲಿ ನೆಟ್ಟಗೈತೇನ? ನಾ ಮಟನ್ ಮುಟ್ಟಾಕಿ ಅಲ್ಲ. ನಮ್ಮತ್ತಿ ಗೋರಿಯಿಂದ ಎದ್ದ ಬಂದಾಳು."

"ಮಟನ್ ಹಾಕೂದಿಲ್ಲ. ಬರೇ ಬ್ಯಾಳಿ, ಸೋರಿಕಾಯಿ ಹಾಕಿ ದಾಲ್ಚಾ ಮಾಡ್ತೇನಿ. ಖಿಚಡಿ ಮಾಡ್ತೇನಿ. ಸಾದಾ ಊಟ ಅಂತ ಅವ್ನ ಅಂದಾನಲ್ಲ, ಸಾದಾನೇ ಇರ್ಲಿ."

ಶಾಂತಾದೇವಿ ಸೆರಗಿನಿಂದ ಕೈ ಒರೆಸಿಕೊಂಡಳು. "ನಿಮ್ಮ ಕುಕ್ಕರ್ ಬ್ಯಾಡ. ಅದು ಏನೇನ ಕಂಡೈತೋ. ನಂದs ತರ್ತೇನಿ. ಸೌಟೂ ನಂದs."

ಹೀಗೆ ಆ ವರ್ಷ ಸುಗರಾಬಿಯ ಮನೆಯ ಈದಿನ ಊಟ ಲಿಂಗಾಯತರ ಕುಕ್ಕರಿನಲ್ಲಿ ಬೇಯುವುದೆಂದು ಠರಾವಾಯಿತು. ಈದಿನ ದಿನ ಮಾಂಸವಿಲ್ಲದ ಊಟ ಎಂದು ಕೇಳಿ ರುಕ್ಸಾರ ಅತ್ತೆಯ ಮುಖ ನೋಡಿದಳು. ಮನ್ಸೂರ, "ಹೊಟ್ಟಿಗೂ ಹಗೂರ ಆಗ್ತೈತಿ ಬಿಡು," ಎಂದ.

ಈದಿನ ದಿನ ನಮಾಜು ಮುಗಿದು ಬಂದವರಿಗೆಲ್ಲ ಹಾಲು ಶಾವಿಗೆಯ ಸುರಕುಂಬಾ ಕೊಟ್ಟಾಯಿತು. ಅದರ ಸಕ್ಕರೆಯನ್ನು ನಸುಕಿನಲ್ಲೇ ಶಾಂತಾದೇವಿ ನೋಡಿ ಹೋಗಿದ್ದಳು. ಮಧ್ಯಾಹ್ನ ಎರಡಕ್ಕೆ ಕುಕ್ಕರು, ಸೌಟು ಹಿಡಿದು ಮತ್ತೆ ಹಿತ್ತಲ ಬಾಗಿಲಿಂದ ಬಂದಳು. ಬೇಳೆ ಕುದಿಯಿತು, ಸೋರೆಕಾಯಿ ಬೆಂದಿತು. ಶಾಂತಾದೇವಿ ಅಂಗೈ ಒಡ್ಡಿದಳು, ನೆಕ್ಕಿದಳು, ಸೂರು ನೋಡಿದಳು.

"ಒಂದ ಚಿಟಿಕಿ ಹಾಕು. ಹ್ಞಾಂ. ಹುಣಸಿಹಣ್ಣು ಒಂದೀಟ ಮುಂದೈತಿ, ನಡೀತೈತಿ. ಸಾಕ ಈಗ, ಕೈ ತಗಿ."

ಸುಗರಾಬಿ ಐದು ತಿಂಗಳಲ್ಲಿ ಮೊದಲ ಸಲ ಸಣ್ಣ ಪಾತ್ರೆಯೊಂದರ ಮುಂದೆ ಉಸಿರು ಬಿಟ್ಟು ಕೂತಳು. ಮೂರೂವರೆಗೆ ಖಿಚಡಿ, ದಾಲ್ಚಾ ಎರಡೂ ಮುಗಿದಿದ್ದವು. ಮುಖ ತೊಳೆದು ಹೊಸ ಸೀರೆ ಉಟ್ಟಳು. ಊಟ ಹೊತ್ತು ಮುಳುಗಿದ ಮೇಲಿನ ಮಗ್ರಿಬ್ ನಮಾಜು ಮುಗಿಸಿ. ಇನ್ನು ಮಾಡುವುದೇನೂ ಇರಲಿಲ್ಲ.

ನಾಲ್ಕಕ್ಕೆ ಜುಬೇರನ ಗಾಡಿ ಬಂದು ನಿಂತಿತು. ಅವನು, ಅವನ ಹೆಂಡತಿ, ನಸ್ರೀನ ಇಳಿದರು. ಹಿಂದಿನಿಂದ ಇನ್ನಿಬ್ಬರು ಇಳಿದರು. ಹಳಿಯಾಳದಲ್ಲಿ ಟೈರಿನ ಅಂಗಡಿ ಇಟ್ಟಿರುವ ಆಸಿಮಸಾಬ ಮತ್ತು ಅವನ ಹೆಂಡತಿ, ನಸ್ರೀನಳ ಮಾವ, ಅತ್ತೆ ಆಗುವವರು. ಜುಬೇರನ ಕೈಯಲ್ಲಿ ದೊಡ್ಡ ಚೀಲವಿತ್ತು.

"ಭಾಬಿ, ಮನ್ಸೂರ ಫೋನಿನಾಗ ಅಂದ, ಈದಿಗೆ ಬ್ಯಾಳಿ ಮಾಡೀರಿ ಅಂತ. ನಮ್ಮ ಬೀಗರಿಗೆ ಬ್ಯಾಳಿ ಉಣಿಸಿ ಕಳಸೂದೇನು? ದಾರ್ಯಾಗ ಹಳ್ಯಾಳದಾಗ ಮೂರ ಕಿಲೋ ಮಟನ್ ತಂದೇನಿ. ನಿಮ್ಮ ಕೈದು ಬಿರಿಯಾನಿ ಅವ್ರಿಗೆ ತೋರಸ್ಬೇಕು. ಮದಿವ್ಯಾಗ ಉಣ್ಣೂದು ಏನಂತ ಮೊದ್ಲ ಗೊತ್ತಾಗ್ಲಿ."

ಆಸಿಮಸಾಬ ಕೈ ಜೋಡಿಸಿ, "ತ್ರಾಸ ತಗೋಬ್ಯಾಡ್ರಿ ಆಪಾ," ಎಂದ. ಆ ಮಾತಿಗೆ ಅರ್ಥ, ತಗೊಳ್ಳಿರಿ ಎಂದೇ.

ಸುಗರಾಬಿ ಮಗನನ್ನು ಒಳಗೆ ಕರೆದಳು. "ಹತ್ತ ಸೇರ ಅಕ್ಕಿ ತರಿಸು, ಇನ್ನಷ್ಟ ಮಟನ್ ತರಿಸು. ದೇಗು ಇಡ್ತೇನಿ. ಓಣಿಗೆಲ್ಲ ಹಾಕೂಣು."

"ಹುಚ್ಚ ಹಿಡದೈತೇನ ಅಮ್ಮಿ? ನಾಕ ಹೊಡದೈತಿ. ಹತ್ತ ಮಂದಿಗೆ ಮೂರ ಕಿಲೋ ಹೆಚ್ಚಾತು. ಸಣ್ಣ ಬೋಗಾಣಿನಾಗ ಮಾಡು. ಕುಂತಾರ ಅವ್ರು."

ಅವಳ ಮುಂದೆ ಇದ್ದ ದಾರಿಗಳು ಎಷ್ಟೆಂದು ನಾನು ಆಮೇಲೆ ಬಹಳ ಸಲ ಎಣಿಸಿ ನೋಡಿದ್ದೇನೆ. ಕೈ ಸುಟ್ಟಿತೆಂದು ಹೇಳಬಹುದಿತ್ತು. ತಲೆ ಸುತ್ತಿತೆಂದು ಮಲಗಬಹುದಿತ್ತು. ಬೀಗರ ಮುಂದೆ ತಲೆ ಸುತ್ತಿದ ಮುದುಕಿಗೆ ಇಪ್ಪತ್ತು ದಿನಕ್ಕೆ ನಾನೂರು ಮಂದಿಯ ದೇಗು ಯಾರು ಕೊಡುತ್ತಾರೆ. ಅವಳು ಒಲೆ ಹಚ್ಚಿದಳು.

ರುಕ್ಸಾರ ಉಳ್ಳಾಗಡ್ಡಿ ಹೆಚ್ಚಿಕೊಟ್ಟಳು. ಮಸಾಲೆ, ಮೊಸರು, ಮಾಂಸ ಎಲ್ಲ ಬಿತ್ತು. ಉಪ್ಪಿನ ಡಬ್ಬಿಯ ಮುಂದೆ ಕೈ ನಿಂತಿತು. ಅರ್ಧ ಹಿಡಿ ತೆಗೆದಳು, ಕಾಲು ಭಾಗ ಮತ್ತೆ ಡಬ್ಬಿಗೆ ಉದುರಿಸಿದಳು, ಉಳಿದದ್ದನ್ನು ಹಾಕಿದಳು. ಮುಕ್ಕಾಲು ಗಂಟೆ ಕುದಿಯಿತು. ಅಂಗೈಗೆ ಹಾಕಿಕೊಂಡು ನೆಕ್ಕಿದಳು. ಬಿಸಿ. ಅಷ್ಟೇ.

ರುಕ್ಸಾರ ಹೊರಗೆ ಚಹಾ ಕೊಡಲು ಹೋದಾಗ ಹಿತ್ತಲ ಬಾಗಿಲು ತೆರೆದು ಕರೆದಳು. ಶಾಂತಾದೇವಿ ಬಂದು, ಸೆರಗು ಮೂಗಿಗೆ ಒತ್ತಿಕೊಂಡು ಹೊಸ್ತಿಲ ಆಚೆಯೇ ನಿಂತಳು.

"ಒಂದ ಹನಿ ಅಕ್ಕಾ. ತುಟಿಗೆ ಹಚ್ಚಿ ಉಗುಳಿ ಬಿಡು."

"ಸುಗರಾ, ನನ್ನ ಜೀವಾ ಕೇಳು, ಕೊಡ್ತೇನಿ. ಇದೊಂದ ಕೇಳ್ಬ್ಯಾಡ."

"ವಾಸನಿ ಆದ್ರೂ ನೋಡಿ ಹೇಳು."

"ಉಪ್ಪಿಗೆ ವಾಸನಿ ಎಲ್ಲಿಂದ ಬರ್ತೈತಿ? ಸೊಸಿ ಅದಾಳಲ್ಲ ಒಳಗ. ಅಕಿನ್ನ ಕೇಳು."

"ಕೇಳಿದ್ರ ಗೊತ್ತಾಗ್ತೈತಿ."

"ಗೊತ್ತಾಗ್ಲಿ. ಅಕಿ ಹುಲಿ ಏನಲ್ಲ."

ಶಾಂತಾದೇವಿ ಹೇಳಿದ್ದು ಸರಿಯೇ. ಆದರೆ ರುಕ್ಸಾರ ಹೊಸ ಸೊಸೆಯಾಗಿ ಬಂದ ವರ್ಷ, ಮಂದಿಗೆ ಬಡಿಸುವ ಮೊದಲು ಸೌಟಿನಿಂದ ತೆಗೆದು ನೆಕ್ಕಿದ್ದಕ್ಕೆ ಸುಗರಾಬಿ ಅವಳ ಮುಂಗೈಗೆ ಅದೇ ಸೌಟಿನಿಂದ ಹೊಡೆದಿದ್ದಳು. ನನ್ನ ಅಡುಗೆಗೆ ನೀನು ಉಪ್ಪು ನೋಡುವವಳೇ ಎಂದು. ಅಲ್ಲಿಂದ ಹದಿನಾಲ್ಕು ವರ್ಷ ಆ ಹುಡುಗಿ ಅತ್ತೆಯ ಪಾತ್ರೆಗೆ ಬೆರಳು ತಾಗಿಸಿರಲಿಲ್ಲ. ಅತ್ತೆ ಮಾಡಿದ್ದು ಹೇಗಿದೆ ಎಂದು ಯಾರು ಕೇಳಿದರೂ ಅವಳಿಂದ ಬರುತ್ತಿದ್ದದ್ದು ಒಂದೇ ಮಾತು.

ಸುಗರಾಬಿ ಕೊನೆಗೂ ಕೇಳಿದಳು. ಚಹಾದ ತಟ್ಟೆ ಹಿಡಿದು ಒಳಗೆ ಬಂದ ಸೊಸೆಗೆ, ಮುಖ ತಿರುಗಿಸಿಕೊಂಡೇ ಸೌಟು ಚಾಚಿದಳು.

"ಒಂದೀಟ ನೋಡು."

ರುಕ್ಸಾರ ಗಾಬರಿಯಾಗಿ ಮುಂಗೈ ಹಿಂದಕ್ಕೆಳೆದುಕೊಂಡಳು. "ನಾ ಏನ ನೋಡ್ಲಿ ಅಮ್ಮಿ?"

"ನೋಡು ಅಂದ್ರ ನೋಡು."

ನೋಡಿದಳು. "ಛಲೋ ಐತ್ರಿ."

"ಉಪ್ಪು?"

"ಸರಿ ಐತ್ರಿ ಅಮ್ಮಿ. ಛಲೋ ಐತಿ."

ಉಪ್ಪು ಸರಿಯಾಗಿಯೇ ಇತ್ತು. ರುಕ್ಸಾರ ಆಮೇಲೆ ತನ್ನ ಮಕ್ಕಳ ಮೇಲೆ ಆಣೆ ಮಾಡಿ ಹೇಳಿದ್ದಾಳೆ, ಕೂದಲಿನಷ್ಟೂ ಹೆಚ್ಚು ಕಡಿಮೆ ಇರಲಿಲ್ಲವಂತೆ. ಸುಗರಾಬಿ ಸೊಸೆಯ ಮುಖ ನೋಡಿದಳು. ಅದು ಹದಿನಾಲ್ಕು ವರ್ಷದಿಂದ ನೋಡಿದ್ದ ಅದೇ ಮುಖ. ಸಪ್ಪೆಯಿದ್ದರೂ ಇವಳು ಇದನ್ನೇ ಹೇಳುತ್ತಾಳೆ ಎಂದುಕೊಂಡಳು. ಸಪ್ಪೆಯಿದೆ, ಅದಕ್ಕೇ ಎರಡು ಸಲ ಹೇಳಿದಳು ಎಂದುಕೊಂಡಳು. ಹೆದರಿಸಿ ಹದ ಮಾಡಿದ ಬಾಯಿಂದ ನಿಜ ಬಂದರೂ ಅದನ್ನು ಗುರುತಿಸುವ ಬಗೆ ಅವಳಿಗೆ ಗೊತ್ತಿರಲಿಲ್ಲ. ರುಕ್ಸಾರ ಅಕ್ಕಿ ಬಸಿಯಲು ತಿರುಗಿದಾಗ ಡಬ್ಬಿಗೆ ಕೈ ಹಾಕಿ ಅರ್ಧ ಹಿಡಿ ಹರಳುಪ್ಪನ್ನು ಕುದಿಯುವ ಮಾಂಸಕ್ಕೆ ಹಾಕಿ ಕೈಯಾಡಿಸಿದಳು. ಮೇಲೆ ಅನ್ನ ಹರವಿ, ಮುಚ್ಚಳಕ್ಕೆ ಹಿಟ್ಟು ಮೆತ್ತಿ, ಕೆಂಡ ಇಟ್ಟಳು.

ಮಗ್ರಿಬ್ ಆಯಿತು. ನಡುಮನೆಯಲ್ಲಿ ಊಟದ ಬಟ್ಟೆ, ದಸ್ತರಖಾನ, ಹಾಸಿ ಎಲ್ಲರೂ ಕೂತರು. ಮುಚ್ಚಳ ತೆಗೆದಾಗ ಆಸಿಮಸಾಬ ಕಣ್ಣು ಮುಚ್ಚಿ ಉಸಿರೆಳೆದುಕೊಂಡ. "ಮಾಶಾ ಅಲ್ಲಾ. ವಾಸನಿ ನೋಡ್ರಿ."

"ನಾ ಹೇಳಿರ್ಲಿಲ್ಲೇನು?" ಎಂದ ಜುಬೇರ.

ಮೊದಲ ತುತ್ತು ಹೋಯಿತು. ಬಬರ್ಚಿಯಾದವರು ಮುಖ ನೋಡುವುದಿಲ್ಲ, ತಾಟು ನೋಡುತ್ತಾರೆ. ಮುಖ ಸುಳ್ಳು ಹೇಳುತ್ತದೆ. ಸುಗರಾಬಿ ಬಾಗಿಲ ಪಕ್ಕ ನಿಂತು ನೋಡಿದಳು. ಆಸಿಮಸಾಬನ ಕೈ ಮೊಸರಿನ ಬಟ್ಟಲಿಗೆ ಹೋಯಿತು. ಅವನ ಹೆಂಡತಿ ನೀರು ಕುಡಿದಳು, ಮತ್ತೆ ಸುರಿದುಕೊಂಡಳು. ನಸ್ರೀನ ಅನ್ನವನ್ನು ತಾಟಿನ ಒಂದು ಬದಿಗೆ ಸರಿಸಿ ಮಾಂಸದ ತುಂಡಿನ ಸುತ್ತ ಬೆರಳಾಡಿಸುತ್ತಿದ್ದಳು. ಮನ್ಸೂರನ ಇಬ್ಬರು ಮಕ್ಕಳು ತಾಯಿಯ ಕಡೆ ನೋಡಿದರು, ರುಕ್ಸಾರ ಕಣ್ಣಲ್ಲೇ ಗದರಿಸಿದಳು. ಯಾರೂ ಕೇಳದೆಯೇ ಅವಳು ಎದ್ದು ಹೋಗಿ ಖಿಚಡಿ, ದಾಲ್ಚಾ ತಂದು ನಡುವೆ ಇಟ್ಟಳು. ಎಲ್ಲರ ಕೈಯೂ ಅತ್ತ ಹೊರಳಿತು.

ಜುಬೇರ ಮಾತ್ರ ಬಿರಿಯಾನಿಯನ್ನು ಎರಡನೇ ಸಲ ಹಾಕಿಸಿಕೊಂಡ. ಹಣೆಯ ಮೇಲೆ ಬೆವರಿತ್ತು. ತಾಟು ಬರಿದಾಗುವತನಕ ತಿಂದ. ಅದನ್ನು ನೋಡುವುದೇ ಎಲ್ಲಕ್ಕಿಂತ ಕಷ್ಟವಾಯಿತೆಂದು ಸುಗರಾಬಿ ನನಗೆ ಹೇಳಿದಳು.

"ದಾಲ್ಚಾ ಅಂದ್ರ ಇದು ನೋಡ್ರಿ ಆಪಾ," ಎಂದ ಆಸಿಮಸಾಬ. "ಇಂಥಾದ್ದು ನಾ ಉಂಡಿಲ್ಲ." ಒಳ್ಳೆಯ ಮನುಷ್ಯ. ಬಿರಿಯಾನಿಯ ಸುದ್ದಿಗೇ ಹೋಗಲಿಲ್ಲ. ಹತ್ತು ಮಂದಿಯಲ್ಲಿ ಒಬ್ಬರೂ ಹೋಗಲಿಲ್ಲ. ಬೋಗಾಣಿಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯಿತು.

ಊಟವಾದ ಮೇಲೆ ಬೀಗರು ಅಂಗಳದಲ್ಲಿ ಕೈ ತೊಳೆಯುತ್ತ ಜುಬೇರನೊಡನೆ ಸ್ವಲ್ಪ ಹೊತ್ತು ಮೆಲ್ಲಗೆ ಮಾತಾಡಿದರು. ಜುಬೇರ ಒಳಗೆ ಬಂದು, ಭಾಬಿಯ ಎದುರು ನೆಲದ ಮೇಲೆ ಕೂತ.

"ಭಾಬಿ, ನೀವು ಭಾಳ ವರ್ಷ ದುಡದ್ರಿ. ಮದಿವಿ ದಿನಾ ಹೊಗಿ ಮುಂದ ನಿಂದರೂದು ಯಾಕ? ಆಸಿಮಭಾಯಿಗೆ ಹಳ್ಯಾಳದಾಗ ಗುರುತಿನ ಕೇಟರಿಂಗಿನವರು ಅದಾರಂತ. ಅವ್ರು ನೋಡ್ಕೋತಾರ. ನೀವು ಮುಂದಿನ ಸಾಲಿನಾಗ ಕುರ್ಚಿ ಹಾಕ್ಕೊಂಡು ಕುಂದರ್ಬೇಕು, ನಸ್ರೀನನ ಬಾಜೂಕ."

"ದೇಗು ನಂದು ಅಂತ ಮಾತಾಗೇತಿ."

"ಆಗೇತ್ರಿ. ನಾ ಇಲ್ಲ ಅಂದೇನೇನು?"

"ಸಣ್ಣ ಬೋಗಾಣಿನಾಗ ತಪ್ಪೇನಿ. ದೊಡ್ಡದರಾಗ ತಪ್ಪೂದಿಲ್ಲ."

ಜುಬೇರ ಮನ್ಸೂರನ ಕಡೆ ನೋಡಿದ. ಮನ್ಸೂರ ಅವನ ಕಡೆ ನೋಡಿದ. ಹಟಮಾರಿ ಮುದುಕಿಯರ ಮುಂದೆ ಗಂಡಸರು ಹೀಗೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವುದನ್ನು ಸುಗರಾಬಿ ಬೇರೆ ಮನೆಗಳಲ್ಲಿ ಬೇಕಾದಷ್ಟು ಕಂಡಿದ್ದಳು. ತನಗೇ ಅದು ಆಗುತ್ತಿದೆ ಎಂದು ತಿಳಿದಾಗ ಅವಳು ಬಚ್ಚಿಟ್ಟದ್ದನ್ನೆಲ್ಲ ಹೊರಗೆ ಹಾಕಿದಳು. ಜ್ವರ, ನಾಲಿಗೆ, ಡಾಕ್ಟರು. ಚಳಿಗಾಲದ ನಾಲ್ಕು ಮದುವೆಗಳ ಹೆಸರು ಹೇಳಿದಳು. "ಎರಡು ದಾಂಡೇಲಿದು, ಒಂದ ಹಳ್ಯಾಳದ್ದು, ಒಂದ ನಿಮ್ಮೂರಿಂದು. ನಾಕೂ ನಾಲಗಿ ಇಲ್ದs ಮಾಡೇನಿ. ಮುಂಡಗೋಡದ್ದು ನೀನs ಉಂಡಿ ಜುಬೇರಾ. ಬೆರಳ ನೆಕ್ಕಿ ಬಂದಿ. ನಾಲಗಿ ಹೋಗೇತಿ, ಕೈ ಹೋಗಿಲ್ಲ."

ಎಲ್ಲರೂ ಕೇಳಿದರು. ಕೇಳಿಸಿದ್ದು ಮಾತ್ರ ಮೊದಲರ್ಧ. ರುಕ್ಸಾರ ಅಳತೊಡಗಿದಳು. "ಐದ ತಿಂಗಳು ನಾ ಹಾಕಿದ್ದು ಏನ ಅಂತ ತಿಳೀದs ಉಂಡೀರೇನ ಅಮ್ಮಿ?" ಮನ್ಸೂರ, "ನಾಳೆ ಹುಬ್ಬಳ್ಳಿಗೆ ಹೋಗೂಣು, ದೊಡ್ಡ ಡಾಕ್ಟರಿಗೆ ತೋರಸೂಣು," ಎಂದ. ಜುಬೇರ ಅವಳ ಎರಡೂ ಕೈ ಹಿಡಿದುಕೊಂಡು, "ಮೊದ್ಲ ಯಾಕ ಹೇಳ್ಲಿಲ್ಲ ಭಾಬಿ? ಇಂಥಾದ್ರಾಗ ನಿಮಗ ಇನ್ನೂ ಕೆಲಸ ಹಚ್ಚತಿದ್ನೇನು ನಾನು?" ಎಂದ. ಅವನು ಹಿಡಿದುಕೊಂಡದ್ದು ಅವೇ ಕೈಗಳನ್ನು. ಅವುಗಳ ಮಾತನ್ನೇ ಅವಳು ಆಡುತ್ತಿದ್ದಳು.

ನಾನು ಬಹಳ ಸಾಹೇಬರ ಮೇಜಿನ ಮುಂದೆ ನಿಂತು ಜಗಳ ಮಾಡಿದವನು. ಇಲ್ಲ ಎನ್ನುವವನ ಜೊತೆ ಬಡಿದಾಡಬಹುದು, ಗೇಟಿನ ಮುಂದೆ ಕೂರಬಹುದು, ಊರು ಸೇರಿಸಬಹುದು. ಪಾಪ ಎಂದು ಕೈ ಹಿಡಿದುಕೊಳ್ಳುವವನ ಮುಂದೆ ಯಾವ ಧರಣಿಯೂ ನಡೆಯುವುದಿಲ್ಲ. ಸುಗರಾಬಿ ಇನ್ನೊಂದು ಸಲ ಹೇಳಿದಳು, ಕೈ ಸರಿ ಇದೆ ಎಂದು. ಹ್ಞೂಂ ಹ್ಞೂಂ ಎಂದರು. ಶಾಲು ಹೊದಿಸಿದರು. ಮಾರ್ಚ್ ಕೊನೆಯ ಸೆಕೆಯಲ್ಲಿ ಶಾಲು.

ಮರುದಿನದಿಂದ ಸುದ್ದಿ ಯಾರ ಬಾಯಿಂದ ಹೊರಟಿತೋ, ಅದು ಮುಖ್ಯವಲ್ಲ. ವಾರದೊಳಗೆ ಎರಡು ಮದುವೆಯವರು ಬಂದು, ಹಣ್ಣು ಕೊಟ್ಟು, ಆರೋಗ್ಯ ವಿಚಾರಿಸಿ, ಬೇರೆಯವರಿಗೆ ಹೇಳಿದ್ದೇವೆ ಎಂದು ತಿಳಿಸಿ ಹೋದರು. ಹುಬ್ಬಳ್ಳಿಯ ಡಾಕ್ಟರು ಮೂಗಿಗೆ ಬೆಳಕು ಬಿಟ್ಟು ನೋಡಿ, ಕಾಯಿರಿ ಎಂದರು. ಶಾಂತಾದೇವಿ ನನ್ನ ಮನೆಗೆ ಬಂದು ಒಂದು ತಾಸು ಕೂತಳು. "ನೀವರೆ ಹೇಳ್ರಿ ಜುಬೇರಗ. ನಿಮ್ಮ ಮಾತು ನಾಕ ಮಂದಿ ಕೇಳ್ತಾರ," ಎಂದಳು. ನಾನು ಫೋನು ಮಾಡಿದೆ. ಜುಬೇರ ಬಹಳ ಮರ್ಯಾದೆಯಿಂದ ಮಾತಾಡಿದ. "ಅಣ್ಣಾರ, ನನ್ನ ಭಾಬಿ ಆರಾಮ ಇರ್ಲಿ ಅನ್ನೂದು ತಪ್ಪೇನ್ರಿ?" ಎಂದು ಕೇಳಿದ. ತಪ್ಪಲ್ಲ ಎಂದು ಫೋನು ಇಟ್ಟೆ.

ಮದುವೆ ಹಳಿಯಾಳದ ಹಾಲಿನಲ್ಲಿ. ಮುಂದಿನ ಸಾಲಿನಲ್ಲಿ ಸುಗರಾಬಿಗೆ ಕುರ್ಚಿ ಹಾಕಿದ್ದರು. ನಿಕಾಹ್ ಆಗುವತನಕ ಕೂತಿದ್ದಳು. ಆಮೇಲೆ ಎದ್ದು, ಹಾಲಿನ ಹಿಂದಿನ ಅಡುಗೆಯ ಜಾಗಕ್ಕೆ ಹೋದಳು. ಯಾರನ್ನೂ ಕೇಳಲಿಲ್ಲ. ನಾನೂ ಆ ಕಡೆಗೇ ಕೈ ತೊಳೆಯಲು ಹೋಗಿದ್ದೆ.

ಕೇಟರಿಂಗಿನ ಮುಖ್ಯಸ್ಥ ಮೂವತ್ತರ ಆಸುಪಾಸಿನವನು, ತಲೆಗೆ ಪ್ಲಾಸ್ಟಿಕ್ ಟೋಪಿ. ಎರಡನೇ ಪಂಕ್ತಿಗೆ ಹೊಸ ದೇಗು ಏರಿಸಿದ್ದ. ಸುಗರಾಬಿ ಅದರ ಬಾಯಿಯ ಅಗಲ ನೋಡಿದಳು, ಪಕ್ಕದ ಖಾಲಿ ಅಕ್ಕಿ ಚೀಲಗಳನ್ನು ನೋಡಿದಳು. ಅವನು ಉಪ್ಪು ಹಾಕಿದ. ಅವಳ ತುಟಿಗಳು ಎಣಿಸುತ್ತಿದ್ದವು.

"ತಮ್ಮಾ, ಇದಕ್ಕ ಒಂಬತ್ತ ಹಿಡಿ ಬೇಕು. ಆರ ಹಾಕಿದಿ."

ಅವನು ತಿರುಗಿ ನೋಡಿ ನಕ್ಕ. "ಪ್ಯಾಕೆಟ್ ಮಸಾಲಿ ಹಾಕೇವ್ರಿ ಅಜ್ಜಿ. ಅದರಾಗs ಉಪ್ಪಿರ್ತೈತಿ. ಒಂಬತ್ತ ಹಾಕಿದ್ರ ಮಂದಿ ನನ್ನ ಹೊಡೀತಾರ."

ಅವಳು ಆ ಪ್ಯಾಕೆಟ್ಟುಗಳನ್ನು ನೋಡಿದಳು. ಮೇಲೆ ಸಣ್ಣ ಅಕ್ಷರದಲ್ಲಿ ಏನೋ ಇತ್ತು. ಅವಳಿಗೆ ಓದು ಬರುವುದಿಲ್ಲ. ತಿರುಗಿ ಬಂದು ಕುರ್ಚಿಯಲ್ಲಿ ಕೂತಳು.

ಎರಡನೇ ಪಂಕ್ತಿಯಲ್ಲಿ ಅವಳ ಒಂದು ಬದಿಗೆ ಮುಂಡಗೋಡ ಕಡೆಯ ಗುರುತಿಲ್ಲದ ಹೆಂಗಸು, ಇನ್ನೊಂದು ಬದಿಗೆ ರುಕ್ಸಾರ. ಬಿರಿಯಾನಿ ಬಂತು. ಸುಗರಾಬಿ ಒಂದು ತುತ್ತು ಬಾಯಿಗಿಟ್ಟು, ಮುಚ್ಚುಮರೆಯಿಲ್ಲದೆ ಪಕ್ಕದವಳನ್ನು ಕೇಳಿದಳು.

"ಉಪ್ಪು ಸಾಕಾಗೇತೇನ್ರಿ ಇದಕ್ಕ?"

ಆ ಹೆಂಗಸು ಅಗಿಯುತ್ತ ಯೋಚಿಸಿದಳು. "ಒಂದೀಟ ಕಮ್ಮಿ ಅನಸ್ತೈತಿ ನೋಡ್ರಿ."

ರುಕ್ಸಾರ ಬಾಗಿ, "ಇಲ್ರಿ ಅಮ್ಮಿ, ಸರಿ ಐತಿ," ಎಂದಳು.

ಸುಗರಾಬಿ ಇಬ್ಬರ ಮುಖವನ್ನೂ ನೋಡಿದಳು. ಇನ್ನೊಂದು ತುತ್ತು ತೆಗೆದುಕೊಂಡು, ಬಹಳ ಹೊತ್ತು ಅಗಿದು, ನುಂಗಿದಳು.